ರಭಸದ ನೀರಿನ ಕಯಾಕ್ ಪ್ಯಾಡಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರದ ನಮ್ಮ ಮನೆಯ ಗೋಡೆಯಲ್ಲಿ ಎರಡು ಪ್ಯಾಡಲ್ ಇಟ್ಟಿದ್ದೇನೆ. ಕಯಾಕ್ ಅಂದರೆ ಒಳಗೆ ಕೂತು ಓಡಿಸುವ ಸಣ್ಣ ದೋಣಿ, ಪ್ಯಾಡಲ್ ಅಂದರೆ ಅದನ್ನು ಓಡಿಸುವ ಹುಟ್ಟು. ಮನೆಗೆ ಬಂದವರೆಲ್ಲ ಅದನ್ನು ನೋಡಿ ಏನಾದರೂ ಕೇಳುತ್ತಾರೆ. ನನ್ನ ಜೊತೆ ನದಿಗೆ ಬರುವ ಹುಡುಗರು ಕೇಳುತ್ತಾರೆ, ಶಿಡ್ಲಘಟ್ಟ, ಗೌರಿಬಿದನೂರು, ಕೋಲಾರದ ಕಡೆಯವರು ಫೋನ್ ಮಾಡಿ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೆ ಅವರವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ.

## ಹೊಸಬರಿಗೆ

ಅಣ್ಣ, ನಮ್ಮ ಜಿಲ್ಲೇಲಿ ಹರಿಯೋ ನೀರೇ ಇಲ್ಲ, ಇಲ್ಲಿದ್ದುಕೊಂಡು ಈ ಪ್ಯಾಡಲ್ ಯಾಕೆ?

ನಂದಿ ಬೆಟ್ಟದ ಸುತ್ತಮುತ್ತ ಅರ್ಕಾವತಿ, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲ ಹುಟ್ಟುತ್ತವೆ. ಆದರೆ ಕಯಾಕ್ ಓಡಿಸುವಷ್ಟು ನೀರು ಇಲ್ಲಿ ಹರಿಯುವುದಿಲ್ಲ. ಹಾಗಾಗಿ ನಾವು ಹೊರಗೆ ಹೋಗುತ್ತೇವೆ. ಗಣೇಶಗುಡಿ ಹತ್ತಿರ ಕಾಳಿ ನದಿ, ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗ. ಮಳೆಗಾಲದಲ್ಲಿ ಕೊಡಗಿನ ಬರಪೊಳೆ, ಇಲ್ಲದಿದ್ದರೆ ಕೇರಳದ ಕೋಡಂಚೇರಿ ಕಡೆಯ ಚಾಲಿಪ್ಪುಳ, ಇರುವಂಜಿಪ್ಪುಳ. ಮಲಬಾರ್ ರಿವರ್ ಫೆಸ್ಟಿವಲ್ ನಡೆಯುವುದು ಅಲ್ಲೇ. ದುಡ್ಡು, ರಜೆ ಎರಡೂ ಇದ್ದರೆ ಋಷಿಕೇಶ.

ಇಂಥ ಕಡೆ ಕಲಿಸುವವರ ಹತ್ತಿರ ಬೋಟು ಬಾಡಿಗೆಗೆ ಸಿಗುತ್ತದೆ. ಅದರ ಜೊತೆ ಕೊಡುವ ಪ್ಯಾಡಲ್ ಮಾತ್ರ ನಿಮ್ಮ ಎತ್ತರಕ್ಕೆ ಸರಿಯಾಗಿರುತ್ತದೆ ಅಂತ ಹೇಳಲು ಬರುವುದಿಲ್ಲ. ಬೋಟನ್ನು ಚಿಕ್ಕಬಳ್ಳಾಪುರದಿಂದ ಹೊತ್ತುಕೊಂಡು ಹೋಗುವುದು ಕಷ್ಟ, ಪ್ಯಾಡಲ್ ಒಯ್ಯಬಹುದು. ಮೂರು ನಾಲ್ಕು ಸಲ ಹೋಗಿ ಬಂದ ಮೇಲೂ ಆಸೆ ಹೋಗಿಲ್ಲ ಅಂದರೆ ಮೊದಲು ಹೆಲ್ಮೆಟ್, ಲೈಫ್ ಜಾಕೆಟ್ ತೆಗೆದುಕೊಳ್ಳಿ, ಆಮೇಲೆ ಪ್ಯಾಡಲ್. ಬೋಟು ಕೊನೆಗೆ.

ತೆಪ್ಪಕ್ಕೆ ಹಾಕೋ ಹುಟ್ಟೇ ತಾನೆ ಇದು?

ಕೆಲಸ ಒಂದೇ, ನೀರನ್ನು ಹಿಡಿದು ದೋಣಿ ಸಾಗಿಸುವುದು. ಹರಿಗೋಲಿನ ಹುಟ್ಟಿಗೆ ಒಂದೇ ಅಲಗು. ರಾಫ್ಟಿನಲ್ಲಿ ಕೊಡುವುದಕ್ಕೂ ಒಂದೇ ಅಲಗು, ಮೇಲ್ತುದಿಯಲ್ಲಿ ಅಡ್ಡ ಹಿಡಿ ಇರುತ್ತದೆ. ಕಯಾಕ್ ಪ್ಯಾಡಲ್‌ಗೆ ಎರಡು ತುದಿಯಲ್ಲೂ ಅಲಗು, ನಡುವೆ ಕೋಲು. ಅಲಗಿನ ಒಳಬಾಗಿದ ಮುಖಕ್ಕೆ ಪವರ್ ಫೇಸ್ ಅನ್ನುತ್ತಾರೆ, ಮುಂದೆ ಹೋಗುವಾಗ ನೀರನ್ನು ಎಳೆಯುವ ಮುಖ ಅದು. ಉಬ್ಬಿದ ಹಿಂಬದಿಗೂ ಕೆಲಸ ಇದೆ, ಬೋಟು ವಾಲಿದಾಗ ನೀರಿನ ಮೇಲೆ ಒತ್ತಿ ಎದ್ದುಕೊಳ್ಳುವುದಕ್ಕೆ. ಕೈಗೆ ಬಂದ ತಕ್ಷಣ ಇವೆರಡು ಮುಖ ಗುರುತು ಹಿಡಿಯಿರಿ. ಹೊಸಬರಲ್ಲಿ ತುಂಬಾ ಜನ ತಿರುಗಾಮುರುಗಾ ಹಿಡಿದೇ ಅರ್ಧ ದಿನ ಕಳೆಯುತ್ತಾರೆ.

220 ಸೆಂ.ಮೀ. ಪ್ಯಾಡಲ್ ಕಮ್ಮಿ ರೇಟಿಗೆ ಸಿಗ್ತಿದೆ, ತಗೊಂಡುಬಿಡಲಾ?

ಬೇಡ. 210ರಿಂದ 240 ಸೆಂ.ಮೀ. ಇರುವವು ಕೆರೆ, ಹಿನ್ನೀರು, ಸಮುದ್ರದಲ್ಲಿ ನಿಧಾನಕ್ಕೆ ದೂರ ಹೋಗುವ ಉದ್ದನೆ ಬೋಟುಗಳಿಗೆ. ಅವುಗಳ ಅಲಗು ಸಣ್ಣದು, ಕೋಲು ತೆಳ್ಳಗೆ. ಬಂಡೆಗೆ ಒಂದು ಏಟು ಬಿದ್ದರೆ ಸಾಕು. ಮುರಿಯದೇ ಉಳಿದರೂ ಉದ್ದ ಜಾಸ್ತಿಯಾದಷ್ಟು ನೀರಿನ ಎಳೆತ ನಿಮ್ಮ ಭುಜದ ಮೇಲೆ ಬೀಳುತ್ತದೆ. ಹಾರೆಯ ತುದಿಯಲ್ಲಿ ಕಲ್ಲು ಮೀಟಿದ ಹಾಗೆ, ಇಲ್ಲಿ ನೀರು ನಿಮ್ಮನ್ನು ಮೀಟುತ್ತದೆ. ಶ್ರೀನಿವಾಸಸಾಗರದ ಥರ ನಿಂತ ನೀರಲ್ಲಿ ಸುಮ್ನೆ ಓಡಾಡುವುದಕ್ಕಾದರೆ ಸರಿ. ಕಾಳಿಗೆ ಅದನ್ನು ತರಬೇಡಿ.

ನಾನು 5 ಅಡಿ 6 ಇಂಚು. ಎಷ್ಟು ಉದ್ದದ್ದು ತಗೋಬೇಕು?

191ರಿಂದ 194 ಸೆಂ.ಮೀ. ಸಾಕು. 5 ಅಡಿ 2 ಇಂಚಿಗಿಂತ ಕಡಿಮೆ ಇದ್ದರೆ 188ರಿಂದ 191. 5 ಅಡಿ 8ರಿಂದ 6 ಅಡಿವರೆಗೆ 194ರಿಂದ 197. 6 ಅಡಿ ದಾಟಿದವರಿಗೆ 197ರಿಂದ 200, ಕೆಲವರಿಗೆ ಇನ್ನೂ ಸ್ವಲ್ಪ. ಅಲೆಯ ಮೇಲೆ ಆಟ ಆಡುವ ಪುಟ್ಟ ಬೋಟಾದರೆ ಒಂದು ಅಳತೆ ಕಡಿಮೆ ಮಾಡಿ, ಬಂಡೆ ತುಂಬಿದ ಹಳ್ಳದಲ್ಲಿ ಓಡಿಸುವ ಅಗಲದ ಬೋಟಾದರೆ ಒಂದು ಅಳತೆ ಜಾಸ್ತಿ ಮಾಡಿ.

ಟೇಪ್ ಇಲ್ಲದೆಯೂ ನೋಡಬಹುದು. ಪ್ಯಾಡಲ್ ನೆಟ್ಟಗೆ ನಿಲ್ಲಿಸಿ ಪಕ್ಕದಲ್ಲಿ ನಿಂತು ಕೈ ಮೇಲೆತ್ತಿ, ಬೆರಳು ಮೇಲಿನ ಅಲಗಿನ ಅಂಚಿನ ಮೇಲೆ ಮಡಚಿಕೊಂಡರೆ ಹೆಚ್ಚುಕಡಿಮೆ ಸರಿಯಾದ ಅಳತೆ. ಎರಡು ಅಳತೆಯ ನಡುವೆ ಸಿಕ್ಕಿಕೊಂಡಿದ್ದರೆ ಚಿಕ್ಕದೇ ತೆಗೆದುಕೊಳ್ಳಿ. ನಾನಂತೂ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ಎರಡು ಅಲಗೂ ಒಂದೇ ದಿಕ್ಕಿಗಿಲ್ಲ, ತಿರುಚಿಕೊಂಡು ಹಾಳಾಗಿದೆಯಾ?

ಹಾಳಾಗಿಲ್ಲ, ಹಾಗೇ ಮಾಡಿರುತ್ತಾರೆ. ಎರಡು ಅಲಗಿನ ನಡುವಿನ ಈ ತಿರುವಿಗೆ ಫೆದರ್ ಅನ್ನುತ್ತಾರೆ. ಹಳೆಯ ಪ್ಯಾಡಲ್‌ಗಳಲ್ಲಿ 80, 90 ಡಿಗ್ರಿವರೆಗೂ ಇರುತ್ತಿತ್ತು. ಒಂದು ಅಲಗು ನೀರಲ್ಲಿರುವಾಗ ಇನ್ನೊಂದು ಗಾಳಿಯನ್ನು ಸೀಳಿಕೊಂಡು ಹೋಗಲಿ ಅಂತ. ಆದರೆ ಅಷ್ಟು ಕೋನ ಇದ್ದರೆ ಪ್ರತಿ ಏಟಿಗೂ, ಅಂದರೆ ಅಲಗನ್ನು ನೀರಿಗೆ ಹಾಕಿ ಎಳೆಯುವ ಪ್ರತಿ ಸಲವೂ, ಮಣಿಕಟ್ಟು ತಿರುಗಿಸಬೇಕು, ನೋವು ಬರುತ್ತದೆ. ಈಗ 30 ಡಿಗ್ರಿ ಜಾಸ್ತಿ ನಡೆಯುತ್ತದೆ, 45 ಕೂಡ ಇದೆ, 15 ಮತ್ತು ಸೊನ್ನೆ ಇಷ್ಟಪಡುವವರೂ ಇದ್ದಾರೆ. ಹೊಸಬರು 30 ತೆಗೆದುಕೊಂಡರೆ ಮುಂದೆ ಯಾರ ಪ್ಯಾಡಲ್ ಹಿಡಿದರೂ ಅಷ್ಟೇನೂ ಬೇರೆ ಅನ್ನಿಸುವುದಿಲ್ಲ.

ಸಾಮಾನ್ಯವಾಗಿ ಬಲಗೈ ಬಿಗಿ ಹಿಡಿತ, ಎಡಗೈ ಸಡಿಲ. ಬಲಗೈ ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿಸಿದಾಗ ಕೋಲು ಎಡಗೈಯೊಳಗೆ ತಿರುಗಿ ಎಡ ಅಲಗು ನೀರಿಗೆ ನೇರವಾಗುತ್ತದೆ. ಬಲಗೈ ಹಿಡಿಯುವ ಜಾಗದಲ್ಲಿ ಕೋಲು ಮೊಟ್ಟೆಯಾಕಾರಕ್ಕಿರುತ್ತದೆ. ತಲೆಕೆಳಗಾಗಿ ನೀರೊಳಗೆ ಏನೂ ಕಾಣದಿದ್ದಾಗ ಅಲಗು ಯಾವ ಕಡೆಗಿದೆ ಅಂತ ಅಂಗೈಗೆ ಹೇಳುವುದು ಅದೊಂದೇ.

ನಾನು ಎಡಚ. ಎಡಗೈದೇ ಹುಡುಕಬೇಕಾ?

ಬೇಕಿಲ್ಲ. ಎಡಗೈ ಹಿಡಿತದ್ದು ಮಾಡಿಸಿಕೊಳ್ಳಬಹುದು, ಆದರೆ ಅದು ಮುರಿದ ದಿನ ಗೆಳೆಯರ ಪ್ಯಾಡಲ್ ನಿಮ್ಮ ಕೈಗೆ ಒಗ್ಗುವುದಿಲ್ಲ. ಬಲಗೈದರಲ್ಲೇ ಕಲಿಯಿರಿ. ಕೊಳ್ಳುವಾಗ ಹೀಗೆ ನೋಡಿ: ಬಲ ಅಲಗನ್ನು ನೆಟ್ಟಗೆ ಹಿಡಿದು ಪವರ್ ಫೇಸ್ ನಿಮ್ಮ ಕಡೆ ತಿರುಗಿಸಿ. ಆಗ ಎಡ ಅಲಗಿನ ಪವರ್ ಫೇಸ್ ಸ್ವಲ್ಪ ಆಕಾಶದ ಕಡೆ ನೋಡುತ್ತಿದ್ದರೆ ಅದು ಬಲಗೈದು.

## ಕೊಳ್ಳುವ ಮುಂಚೆ

ಪ್ಲಾಸ್ಟಿಕ್, ಫೈಬರ್‌ಗ್ಲಾಸ್, ಕಾರ್ಬನ್. ಯಾವುದು ಒಳ್ಳೇದು?

ಅಲ್ಯೂಮಿನಿಯಂ ಕೋಲು, ಪ್ಲಾಸ್ಟಿಕ್ ಅಲಗು ಇರುವುದು ಅಗ್ಗ. ಏಟು ತಡೆಯುತ್ತದೆ, ಆದರೆ ಭಾರ, ಜೋರಾಗಿ ಎಳೆದಾಗ ಅಲಗು ಬಾಗುತ್ತದೆ. ಅಲಗು ಬಾಗಿದರೆ ನೀವು ಹಾಕಿದ ಶಕ್ತಿ ಬೋಟಿಗೆ ಪೂರ್ತಿ ತಲುಪುವುದಿಲ್ಲ. ಕಾರ್ಬನ್ ಹಗುರ, ಬಿಗಿ, ದುಬಾರಿ. ಫೈಬರ್‌ಗ್ಲಾಸ್ ನಡುವಿನದು. ಒಂದು ಕಿಲೋ ಆಸುಪಾಸು ತೂಗುತ್ತದೆ, ಅಲಗು ಬಂಡೆಗೆ ಉಜ್ಜಿ ಅಂಚು ನಿಧಾನಕ್ಕೆ ಸವೆಯುತ್ತದೆ, ಹಾಳಾಗುವ ಮುಂಚೆ ಕಣ್ಣಿಗೆ ಕಾಣುವ ಗುರುತು ಕೊಡುತ್ತದೆ. ಮೊದಲ ಪ್ಯಾಡಲ್‌ಗೆ ನನ್ನ ಮಾತು ಅದೇ. ವರ್ನರ್, ಎಟಿ, ವಿಇ, ಸೆಲೆಕ್ಟ್ ಎಲ್ಲವೂ ಹೆಸರು ಮಾಡಿದ ಕಂಪನಿಗಳು. ಹೆಸರಿಗಿಂತ ಅಳತೆ ಮುಖ್ಯ.

ಒಂದು ಮಾತು ಜ್ಞಾಪಕ ಇರಲಿ. ತುಂಬಾ ಬಿಗಿಯಾದ ಕಾರ್ಬನ್ ಕೋಲು ಪ್ರತಿ ಏಟಿನ ಜರ್ಕನ್ನೂ ಕೀಲಿಗೆ ತಲುಪಿಸುತ್ತದೆ. ಸ್ವಲ್ಪ ಬಾಗುವ ಫೈಬರ್‌ಗ್ಲಾಸ್ ಕೋಲು ಅದನ್ನು ನುಂಗಿಕೊಳ್ಳುತ್ತದೆ. ನಲವತ್ತು ದಾಟಿದವರಿಗೆ ಈ ವ್ಯತ್ಯಾಸ ಸಂಜೆ ಹೊತ್ತಿಗೆ ಗೊತ್ತಾಗುತ್ತದೆ.

ಕೋಲು ಸೊಟ್ಟಗಿರೋದು ನೋಡಿದೆ. ಅದು ಚೆನ್ನಾಗಿರುತ್ತಾ?

ಹಿಡಿಯುವ ಜಾಗದಲ್ಲಿ ಕೋಲು ಬಾಗಿರುತ್ತದೆ, ಮಣಿಕಟ್ಟು ನೇರವಾಗಿ ಇರಲಿ ಅಂತ. ಮಣಿಕಟ್ಟು ನೋವಿರುವವರಿಗೆ ಉಪಯೋಗ ಆಗಬಹುದು. ಆದರೆ ಕೈ ಆ ಜಾಗದಲ್ಲೇ ಇರಬೇಕು, ಬೆಲೆ ಜಾಸ್ತಿ, ತೂಕವೂ ಚೂರು ಜಾಸ್ತಿ. ಸಾಧ್ಯವಾದರೆ ಒಂದು ದಿನ ಎರವಲು ತೆಗೆದುಕೊಂಡು ನೋಡಿ ಆಮೇಲೆ ಯೋಚನೆ ಮಾಡಿ. ಕಲಿಯುವುದಕ್ಕೆ ನೇರ ಕೋಲೇ ಸಾಕು.

ನನ್ನ ಮಗಳಿಗೆ 14 ವರ್ಷ, ಸಣ್ಣ ಕೈ. ಅವರಪ್ಪನ ಪ್ಯಾಡಲ್ ಕೊಡಬಹುದಾ?

ಕೊಡಬೇಡಿ ಅಕ್ಕ. ಉದ್ದ ಒಂದೇ ಅಲ್ಲ, ಕೋಲಿನ ದಪ್ಪ ಮತ್ತು ಅಲಗಿನ ಅಗಲವೂ ಇದೆ. ಕೋಲು ಹಿಡಿದಾಗ ಹೆಬ್ಬೆರಳೂ ತೋರುಬೆರಳೂ ಮುಟ್ಟುವ ಹಾಗಿರಬೇಕು. ಮುಟ್ಟದಿದ್ದರೆ ಮಗು ಬಿಗಿಯಾಗಿ ಹಿಡಿಯುತ್ತದೆ, ಅರ್ಧ ಗಂಟೆಗೆ ಮುಂಗೈ ಕಲ್ಲಾಗುತ್ತದೆ. ತೆಳ್ಳನೆ ಕೋಲು, ಸಣ್ಣ ಅಲಗು ಇರುವವು ಬೇರೆಯೇ ಸಿಗುತ್ತವೆ. ದೊಡ್ಡ ಅಲಗು ಅಂದರೆ ಒಂದೊಂದು ಏಟಿಗೂ ಜಾಸ್ತಿ ನೀರು ಎಳೆಯಬೇಕು. ಅದು ರಟ್ಟೆಯಲ್ಲಿ ಬಲ ಇರುವವರಿಗೆ. ಸಣ್ಣ ಅಲಗಿನಲ್ಲಿ ಬೇಗ ಬೇಗ ಏಟು ಹಾಕಿದರೆ ಅವಳೂ ಅಷ್ಟೇ ಚೆನ್ನಾಗಿ ಮುಂದೆ ಹೋಗುತ್ತಾಳೆ.

ಹೊಸದು ತುಂಬಾ ದುಬಾರಿ. ಸೆಕೆಂಡ್ ಹ್ಯಾಂಡ್ ಆದ್ರೆ ಏನು ನೋಡಬೇಕು?

ಒಳ್ಳೆಯ ಫೈಬರ್‌ಗ್ಲಾಸ್ ಪ್ಯಾಡಲ್ ಹೊರದೇಶದಲ್ಲೇ ದುಬಾರಿ, ಕಾರ್ಬನ್ ಅದಕ್ಕಿಂತ ಜಾಸ್ತಿ. ಸಾಗಣೆ, ಸುಂಕ ಬೇರೆ. ಅದಕ್ಕೇ ನಮ್ಮಲ್ಲಿ ಹಳೆಯವು ಕೈಯಿಂದ ಕೈಗೆ ಓಡಾಡುತ್ತವೆ, ಋಷಿಕೇಶದ ಕಡೆಯಿಂದ ಬರುವವೂ ಇವೆ.

ಮೊದಲು ಅಲಗಿನ ಅಂಚು ನೋಡಿ. ಸವೆದಿದ್ದರೆ ಪರವಾಗಿಲ್ಲ, ಪದರ ಬಿಟ್ಟಿದ್ದರೆ ಹುಷಾರು. ಆಮೇಲೆ ಕೋಲು ಮತ್ತು ಅಲಗು ಸೇರುವ ಕುತ್ತಿಗೆ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ತೆಗೆದುಕೊಳ್ಳಬೇಡಿ, ಅದು ಮುರಿಯುವುದು ನಿಮಗೆ ಅತಿ ಬೇಕಾದ ಹೊತ್ತಿನಲ್ಲೇ. ಕೋಲಿನ ಉದ್ದಕ್ಕೂ ಉಗುರಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಒಂದು ಕಡೆ ಮಂಕಾದರೆ ಒಳಗೆ ಪೆಟ್ಟು ಬಿದ್ದಿರಬಹುದು. ಅಲುಗಾಡಿಸಿದಾಗ ನೀರಿನ ಸದ್ದು ಬಂದರೆ ಎಲ್ಲೋ ತೂತಿದೆ. ಎರಡು ತುಂಡಿನದಾದರೆ ಜೋಡಿಸಿ ತಿರುಚಿ ನೋಡಿ, ಲಟಲಟ ಅನ್ನಬಾರದು. ಫೋಟೋ ನೋಡಿ ದುಡ್ಡು ಕಳಿಸಬೇಡಿ.

ಬಸ್ಸಲ್ಲಿ ಹೇಗೆ ತಗೊಂಡು ಹೋಗ್ತೀರಾ?

ಒಂದೇ ತುಂಡಿನದಾದರೆ ಹಳೆ ಬೆಡ್‌ಶೀಟು ಸುತ್ತಿ ಡ್ರೈವರಣ್ಣನ ಹತ್ತಿರ ಮಾತಾಡಿ ಹಿಂದಿನ ಸೀಟಿನ ಕೆಳಗೆ ಇಡುತ್ತೇನೆ. ರಶ್ ಇದ್ದರೆ ಕಷ್ಟ. ಪದೇ ಪದೇ ಬಸ್ಸಲ್ಲೇ ಹೋಗುವವರು ಎರಡು ತುಂಡಿನದು ತೆಗೆದುಕೊಳ್ಳಿ. ಜೋಡಣೆ ಇರುವುದಕ್ಕೆ ತೂಕ ಸ್ವಲ್ಪ ಜಾಸ್ತಿ, ಮರಳು ಹೊಕ್ಕರೆ ಕಚ್ಚಿಕೊಳ್ಳುತ್ತದೆ, ಪ್ರತಿ ಸಲ ತೊಳೆದು ಬಿಡಿಸಿಯೇ ಇಡಬೇಕು.

## ನೀರಿಗೆ ಇಳಿದ ಮೇಲೆ

ಕೈ ಎಲ್ಲಿ ಹಿಡೀಬೇಕು?

ಪ್ಯಾಡಲ್ ತಲೆ ಮೇಲೆ ಅಡ್ಡ ಇಟ್ಟುಕೊಳ್ಳಿ. ಮೊಣಕೈ ಎರಡೂ ಎಲ್ ಅಕ್ಷರದ ಹಾಗೆ ಮಡಚಿರಬೇಕು. ಅಲ್ಲಿ ಕೈ ಇದ್ದ ಜಾಗಕ್ಕೆ ಒಂದು ಸುತ್ತು ಟೇಪ್ ಹಾಕಿಬಿಡಿ. ಹೆದರಿಕೆಯಾದಾಗ ಕೈಗಳು ತಾವಾಗಿಯೇ ಹತ್ತಿರ ಬರುತ್ತವೆ, ಟೇಪ್ ಇದ್ದರೆ ನೋಡದೆಯೇ ಸರಿ ಮಾಡಿಕೊಳ್ಳಬಹುದು. ಹೆಬ್ಬೆರಳು ಕೋಲಿನ ಕೆಳಗೆ ಸುತ್ತಿರಬೇಕು.

ಒಂದು ಗಂಟೆ ಹೊಡೆದ್ರೆ ರಟ್ಟೆ ಬಿದ್ದುಹೋಗುತ್ತೆ. ಏನು ತಪ್ಪು ಮಾಡ್ತಿದ್ದೀನಿ?

ಕೈಯಲ್ಲಿ ಎಳೆಯುತ್ತಿದ್ದೀರಿ. ಮದುವೆ ಮನೆಯಲ್ಲಿ ದೊಡ್ಡ ಪಾತ್ರೆಯಲ್ಲಿ ರಾಗಿ ಮುದ್ದೆ ತಿರುವುವವರನ್ನು ನೋಡಿ. ಕಾಲು ಊರಿ, ಕೋಲು ಎರಡೂ ಕೈಯಲ್ಲಿ ಹಿಡಿದು, ಸೊಂಟದಿಂದ ಮೈ ತಿರುಗಿಸುತ್ತಾರೆ. ಬರೀ ಮೊಣಕೈಯಲ್ಲಿ ತಿರುವಿದರೆ ಹತ್ತು ಸೇರು ಹಿಟ್ಟು ಬೇಯುವುದಿಲ್ಲ. ಪ್ಯಾಡಲ್ ಕೂಡ ಹಾಗೇ. ಬಲಗಡೆ ಏಟಿಗೆ ಬಲ ಭುಜ ಮುಂದೆ ಹೋಗುವ ಹಾಗೆ ಎದೆ ತಿರುಗಿಸಿ, ಪಾದದ ಹತ್ತಿರ ಅಲಗನ್ನು ಪೂರ್ತಿ ಮುಳುಗಿಸಿ, ಆಮೇಲೆ ಮೈ ಬಿಚ್ಚಿಕೊಳ್ಳುತ್ತಾ ಬೋಟನ್ನು ಅಲಗಿನ ಕಡೆಗೆ ಎಳೆದುಕೊಳ್ಳಿ. ಸೊಂಟದ ಹತ್ತಿರ ಬಂದ ತಕ್ಷಣ ಹೊರಗೆ ತೆಗೆಯಿರಿ. ಅದಕ್ಕಿಂತ ಹಿಂದೆ ಎಳೆದರೆ ಬೋಟಿನ ಮೂತಿ ತಿರುಗುತ್ತದೆ ಅಷ್ಟೇ. ಏಟು ಹಾಕುವ ಕಡೆಯ ಪಾದವನ್ನು ಒತ್ತಿ.

ಅಲಗು ನೀರಲ್ಲಿ ಮುಳುಗುವ ಮುಂಚೆಯೇ ಎಳೆಯುವುದು ಇನ್ನೊಂದು ಅಭ್ಯಾಸ. ಛಳಾರ್ ಅಂತ ನೀರು ಹಾರಿದರೆ ನೀವು ಅದನ್ನೇ ಮಾಡುತ್ತಿದ್ದೀರಿ. ಸದ್ದಿಲ್ಲದ ಏಟು ಒಳ್ಳೆಯ ಏಟು.

ನಮ್ಮೂರ ಕೆರೇಲೇ ಅಭ್ಯಾಸ ಮಾಡಬಹುದಲ್ವಾ?

ನೇರ ಹೋಗುವುದು, ತಿರುಗಿಸುವುದು ಮಾಡಬಹುದು. ಸಣ್ಣ ನೀರಾವರಿ ಇಲಾಖೆಯದೋ ಪಂಚಾಯಿತಿಯದೋ ವಿಚಾರಿಸಿ ಒಪ್ಪಿಗೆ ತೆಗೆದುಕೊಳ್ಳಿ, ಮೀನು ಟೆಂಡರ್ ಹಿಡಿದವರಿಗೂ ಹೇಳಿ. ನೀರೊಳಗೆ ಅವರು ಬಲೆ ಬಿಟ್ಟಿರುತ್ತಾರೆ.

ಆದರೆ ತಲೆಕೆಳಗಾಗುವ ಅಭ್ಯಾಸ ನಮ್ಮ ಕಡೆಯ ಕೆರೆಗಳಲ್ಲಿ ಬೇಡ. ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ, ಕೋಲಾರದ ಕಡೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಿಂದ ಕೆರೆ ತುಂಬುತ್ತಿದ್ದಾರೆ. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಬಿಡುವ ನೀರು. ಅಂತರ್ಜಲಕ್ಕೆ ಅಂತ ತಂದದ್ದು, ಮೂಗು ಬಾಯಿಗೆ ಹೋಗಲಿ ಅಂತಲ್ಲ. ಪಲ್ಟಿ ಹೊಡೆದು ಏಳುವ ಅಭ್ಯಾಸಕ್ಕೆ ಈಜುಕೊಳವೇ ಸರಿ.

ಇನ್ನೊಂದು, ದಯವಿಟ್ಟು ಕೃಷಿ ಹೊಂಡಕ್ಕೆ ಇಳಿಯಬೇಡಿ. ನೀರು ತಿಳಿಯಾಗಿದೆ, ಹೊಲದಲ್ಲೇ ಇದೆ ಅಂತ ಆಸೆಯಾಗುತ್ತದೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ಊರುವುದಕ್ಕೆ ಹಿಡಿತವೇ ಸಿಗುವುದಿಲ್ಲ, ಈಜು ಬಂದವರೂ ಮೇಲೆ ಹತ್ತಲಾಗದೆ ಸತ್ತಿದ್ದಾರೆ.

ಭುಜ ಕಳಚಿಕೊಳ್ಳುತ್ತೆ ಅಂತಾರೆ. ನಿಜಾನಾ?

ನಿಜ. ಈ ಆಟದಲ್ಲಿ ನಾನು ಅತಿ ಹೆಚ್ಚು ಹೆದರುವುದು ಅದಕ್ಕೇ. ಕೈ ಭುಜಕ್ಕಿಂತ ಮೇಲೆ, ಪಕ್ಕಕ್ಕೆ, ಹಿಂದಕ್ಕೆ ಚಾಚಿಕೊಂಡಿರುವಾಗ ನೀರು ಅಲಗನ್ನು ಹಿಡಿದು ಎಳೆದರೆ ತೋಳಿನ ಮೂಳೆ ಗುಳಿಯಿಂದ ಮುಂದಕ್ಕೆ ಜಾರುತ್ತದೆ. ಒಂದು ಸಲ ಜಾರಿದರೆ, ಅದರಲ್ಲೂ ಚಿಕ್ಕ ವಯಸ್ಸಿನವರಿಗೆ, ಮತ್ತೆ ಮತ್ತೆ ಜಾರುವ ಸಾಧ್ಯತೆ ಜಾಸ್ತಿ.

ನನಗೆ ಪೂರ್ತಿ ಕಳಚಲಿಲ್ಲ, ಉಳುಕಿತು. ಮೊದಲ ವರ್ಷ ಯಾರೋ ಕೊಟ್ಟ ಉದ್ದದ ಪ್ಯಾಡಲ್ ಹಿಡಿದಿದ್ದೆ, ಎಡಕ್ಕೆ ವಾಲಿದಾಗ ಕೈ ಮೇಲೆತ್ತಿ ಹಿಂದೆ ಚಾಚಿ ಒತ್ತಿದೆ. ನಾಲ್ಕು ತಿಂಗಳು ಎಡಗೈಯಲ್ಲಿ ಒಂದು ಬಿಂದಿಗೆ ನೀರು ಎತ್ತಲಾಗಲಿಲ್ಲ. ಅಮ್ಮ ದಿನಾ ಎಣ್ಣೆ ತಿಕ್ಕುತ್ತಿದ್ದರು. ಉದ್ದದ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದು ಅದಕ್ಕೇ.

ನಿಮ್ಮ ಎದೆ ಮುಂದೆ ಒಂದು ಕಿಟಕಿ ಚೌಕಟ್ಟು ಇದೆ ಅಂದುಕೊಳ್ಳಿ. ಎರಡೂ ಕೈ ಯಾವಾಗಲೂ ಆ ಚೌಕಟ್ಟಿನೊಳಗೇ ಇರಬೇಕು. ಹಿಂದೆ ಏಟು ಹಾಕಬೇಕಾದರೆ ಕೈ ಹಿಂದೆ ಕಳಿಸಬೇಡಿ, ಎದೆಯನ್ನೇ ಆ ಕಡೆ ತಿರುಗಿಸಿ, ಚೌಕಟ್ಟು ಜೊತೆಗೇ ಬರುತ್ತದೆ. ಕೈ ನಿಮ್ಮ ಕಣ್ಣಿಗೆ ಕಾಣುತ್ತಿಲ್ಲ ಅಂದರೆ ಅದು ಇರಬಾರದ ಜಾಗದಲ್ಲಿದೆ. ಮೊಣಕೈ ಮೈಗೆ ಹತ್ತಿರ ಇರಲಿ. ವಾಲಿದಾಗ ಆದಷ್ಟೂ ಅಲಗಿನ ಹಿಂಬದಿಯಿಂದ, ಮೊಣಕೈ ಮೇಲೆ ಮುಂಗೈ ಕೆಳಗೆ ಇಟ್ಟು ಒತ್ತಿ, ಜೊತೆಗೇ ಸೊಂಟದಿಂದ ಬೋಟು ಎತ್ತಿ. ನೆಲ ಒರೆಸುವಾಗ ಬಟ್ಟೆ ಒತ್ತುವ ಹಾಗೆ. ಇನ್ನೊಂದು ಬಗೆ ಇದೆ, ಪವರ್ ಫೇಸ್ ಕೆಳಗೆ ಮಾಡಿ ನೇತಾಡುವ ಹಾಗೆ ಹಿಡಿಯುವುದು. ಅದಕ್ಕೆ ಹೋದರೆ ಕೈ ಗಲ್ಲಕ್ಕಿಂತ ಮೇಲೆ ಏಳಬಾರದು.

ಕಳಚಿಯೇ ಹೋದರೆ ಯಾರಿಗೂ ಎಳೆದು ಕೂರಿಸಲು ಬಿಡಬೇಡಿ. ಕೈ ಇದ್ದ ಹಾಗೇ ಮೈಗೆ ಕಟ್ಟಿ ಆಸ್ಪತ್ರೆಗೆ ಹೋಗಿ.

ಪ್ಯಾಡಲ್ ಕಳೆದುಹೋಗದೇ ಇರೋ ಹಾಗೆ ದಾರ ಕಟ್ಟಿಕೊಳ್ಳಲಾ?

ಸಮುದ್ರದಲ್ಲಿ ಕೆಲವರು ಕಟ್ಟಿಕೊಳ್ಳುತ್ತಾರೆ. ಹರಿಯುವ ನದಿಯಲ್ಲಿ ಬೇಡವೇ ಬೇಡ. ದಾರ ಬಂಡೆಗೋ ಮರದ ಕೊಂಬೆಗೋ ಸಿಕ್ಕಿಕೊಂಡರೆ ನೀರು ನಿಮ್ಮನ್ನು ಅಲ್ಲೇ ಒತ್ತಿ ಹಿಡಿಯುತ್ತದೆ.

ಬೋಟಿಂದ ಹೊರಗೆ ಬಿದ್ದಾಗ ಪ್ಯಾಡಲ್ ಬಿಡಬೇಕಾ, ಹಿಡ್ಕೋಬೇಕಾ?

ಸಾಧ್ಯವಾದರೆ ಹಿಡಿದುಕೊಳ್ಳಿ, ಅದೂ ಒಂದು ಕೈಯಲ್ಲಿ. ಪ್ಯಾಡಲ್ ಇಲ್ಲದೆ ಉಳಿದ ದಾರಿ ಕಷ್ಟ. ಆದರೆ ಈಜುವುದಕ್ಕೆ, ಎಸೆದ ಹಗ್ಗ ಹಿಡಿಯುವುದಕ್ಕೆ ಅಡ್ಡ ಬಂದ ಕ್ಷಣ ಬಿಟ್ಟುಬಿಡಿ. ಎಷ್ಟೇ ಬೆಲೆಯದಾದರೂ ಸರಿ.

## ಸ್ವಲ್ಪ ಪಳಗಿದವರಿಗೆ

ರೋಲ್ ಬರ್ತಿಲ್ಲ. ದೊಡ್ಡ ಅಲಗಿನ ಪ್ಯಾಡಲ್ ತಗೊಂಡ್ರೆ ಬರುತ್ತಾ?

ಬರುವುದಿಲ್ಲ. ರೋಲ್ ಅಂದರೆ ಮಗುಚಿದ ಬೋಟನ್ನು ಒಳಗೆ ಕೂತೇ ಮತ್ತೆ ನೆಟ್ಟಗೆ ಮಾಡಿಕೊಂಡು ಏಳುವುದು. ಅದರಲ್ಲಿ ಬೋಟನ್ನು ತಿರುಗಿಸುವುದು ಸೊಂಟ ಮತ್ತು ಮೊಣಕಾಲು. ಪ್ಯಾಡಲ್ ಒಂದೆರಡು ಕ್ಷಣ ಊರುಗೋಲಷ್ಟೇ. ನೂರಕ್ಕೆ ತೊಂಬತ್ತು ಮಂದಿ ಉಸಿರಿಗೆ ಅಂತ ತಲೆ ಮೊದಲು ಎತ್ತುತ್ತಾರೆ. ತಲೆ ಎತ್ತಿದರೆ ಬೋಟು ವಾಪಸ್ ಮಗುಚುತ್ತದೆ. ತಲೆ ಕೊನೆಗೆ ಬರಬೇಕು, ಕಣ್ಣು ಅಲಗಿನ ಮೇಲಿರಲಿ. ಆಗ ತಲೆ ತಾನಾಗಿ ಕೆಳಗೇ ಇರುತ್ತದೆ. ಅಲಗು ಮುಳುಗಿಹೋಗುತ್ತಿದ್ದರೆ ಅದರ ಮುಂದಿನ ಅಂಚು ಸ್ವಲ್ಪ ಮೇಲೆದ್ದಿರುವ ಹಾಗೆ ಮಣಿಕಟ್ಟು ತಿರುಗಿಸಿ. ಕಲಿಯುವಾಗ ಜೊತೆಯವರು ನೀರಲ್ಲಿ ಪಕ್ಕದಲ್ಲೇ ನಿಂತಿರಬೇಕು.

ಸಣ್ಣ ಜಲಪಾತ ಇಳಿಯುವಾಗ ಕೊನೇ ಏಟು ಎಲ್ಲಿ ಹಾಕಬೇಕು?

ನೀರು ಬಾಗಿ ಬೀಳುವ ಅಂಚಿನಲ್ಲೇ. ಇದಕ್ಕೆ ಬೂಫ್ ಅನ್ನುತ್ತಾರೆ. ಬೋಟಿನ ಮೂತಿ ಅಂಚು ದಾಟುತ್ತಿದ್ದ ಹಾಗೆ ಮುಂದೆ ಬಾಗಿ ಅಲಗನ್ನು ನೆಟ್ಟಗೆ, ಪೂರ್ತಿ ಮುಳುಗಿಸಿ ನೆಟ್ಟು, ಸೊಂಟದವರೆಗೂ ಉದ್ದಕ್ಕೆ ಎಳೆಯುತ್ತಾ ಸೊಂಟವನ್ನು ಮುಂದಕ್ಕೆ ನೂಕಿ. ಮೂತಿ ಎದ್ದು ಬೋಟು ಹೊಟ್ಟೆಯ ಮೇಲೆ ಬೀಳುತ್ತದೆ, ಕೆಳಗಿನ ತಿರುಗಣಿ ನೀರನ್ನು ದಾಟಿಕೊಳ್ಳುತ್ತದೆ. ಬೇಗ ಹಾಕಿದರೆ ಅಂಚಿನಲ್ಲಿ ಮತ್ತೆ ಮೂತಿ ಬಗ್ಗುತ್ತದೆ, ತಡವಾದರೆ ಅಲಗಿಗೆ ನೀರೇ ಸಿಗುವುದಿಲ್ಲ. ಬೀಳುವ ಹೊತ್ತಿಗೆ ಮತ್ತೆ ಮುಂದೆ ಬಾಗಿರಬೇಕು, ನೇರ ಕೂತು ಬಿದ್ದರೆ ಬೆನ್ನುಮೂಳೆಗೆ ಏಟು. ಪ್ಯಾಡಲ್ ಮುಖದ ಮುಂದೆ ಅಡ್ಡ ಇರಬಾರದು, ಒಂದು ಪಕ್ಕಕ್ಕಿರಲಿ. ಎಷ್ಟೋ ಹಲ್ಲು ಮೂಗು ಹೋಗುವುದು ಸ್ವಂತ ಪ್ಯಾಡಲ್‌ನಿಂದಲೇ. ಕೆಳಗೆ ಎಷ್ಟು ಆಳ ಇದೆ ಅಂತ ದಡದಿಂದ ನೋಡದೆ, ಕಲಿಸುವವರಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ಮಧ್ಯದಲ್ಲಿ ಮುರಿದುಹೋದ್ರೆ?

ಗುಂಪಿನಲ್ಲಿ ಒಬ್ಬರ ಬೋಟಿನೊಳಗಾದರೂ ನಾಲ್ಕು ತುಂಡಿನ ಪ್ಯಾಡಲ್ ಇರಬೇಕು. ಸೀಟಿನ ಹಿಂದೆ, ಬಿಗಿಯಾಗಿ ಕಟ್ಟಿ. ಹೊರಡುವ ಮುಂಚೆ ಮನೆಯಲ್ಲಿ ಒಮ್ಮೆ ಜೋಡಿಸಿ ನೋಡಿ. ನಡುಗುವ ಕೈಯಲ್ಲಿ ಬಂಡೆ ಮೇಲೆ ಕೂತು ಮೊದಲ ಸಲ ಜೋಡಿಸುವುದು ಬೇಡ.

ಅಲಗಿನ ಅಂಚು ಕಿತ್ತುಹೋಗಿದೆ. ಮನೇಲೇ ಸರಿ ಮಾಡಬಹುದಾ?

ಅಂಚು ಮಾತ್ರ ಸವೆದು ನಾರು ಎದ್ದಿದ್ದರೆ ಆಗುತ್ತದೆ. ತೊಳೆದು, ಪೂರ್ತಿ ಒಣಗಿಸಿ, ಸ್ಯಾಂಡ್ ಪೇಪರ್ ಹಾಕಿ, ಎರಡು ಭಾಗದ ಎಪಾಕ್ಸಿ ಬೆರೆಸಿ ಹಚ್ಚಿ. ಒಣಗಿದ ಮೇಲೆ ಮತ್ತೆ ಉಜ್ಜಿ. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ಒದ್ದೆ ಮಾಡಿಕೊಂಡು ಉಜ್ಜಿದರೆ ಇನ್ನೂ ಒಳ್ಳೆಯದು, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೂ ಚುಚ್ಚುತ್ತದೆ. ಕುತ್ತಿಗೆಯಲ್ಲೋ ಕೋಲಲ್ಲೋ ಬಿರುಕಿದ್ದರೆ ಅಂಟಿಸಿ ನದಿಗೆ ಒಯ್ಯಬೇಡಿ. ಅದನ್ನು ಈಜುಕೊಳದ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಇಡುವಾಗ ನೆರಳಲ್ಲಿಡಿ. ಏಪ್ರಿಲ್ ಬಿಸಿಲಿಗೆ ಗ್ಲಾಸ್ ಏರಿಸಿದ ಕಾರಿನೊಳಗಾಗಲಿ ತಾರಸಿ ಮೇಲಾಗಲಿ ಬಿಡಬೇಡಿ. ಅಲಗಿನ ಮೇಲೆ ಭಾರ ಬೀಳದ ಹಾಗೆ ಗೋಡೆಗೆ ಎರಡು ಮೊಳೆ ಹೊಡೆದು ಕೋಲು ಅಡ್ಡ ಮಲಗಿಸಿದರೆ ಸಾಕು.